‘ಓದು’ ಎಂದರೆ ಓಡುವ ಮಕ್ಕಳು

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ, ಒಂದನೆಯ ತರಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ. ಹೋದ ವರ್ಷ ಹದಿನೈದು ಚಿತ್ರಪುಸ್ತಕಗಳನ್ನು ಒಟ್ಟಿಗೇ ಕೊಂಡು ತಂದು, ಅವನ ಕೈಗೆ ಎಟಕುವಂತೆ ಒಂದು ಗೂಡನ್ನೂ ಮಾಡಿಸಿದೆವು. ಅವನು ಅವುಗಳನ್ನು ಮುಟ್ಟುವುದಿಲ್ಲ. ಸಂಜೆ ಹೋಂವರ್ಕ್ ಮುಗಿದ ಮೇಲೆ ‘ಬಾ, ಈಗ ಕಥೆಪುಸ್ತಕ ಓದು’ ಎಂದರೆ ನೀರಡಿಕೆ ಎನ್ನುತ್ತಾನೆ, ಕಾಲುನೋವು ಎನ್ನುತ್ತಾನೆ. ಟ್ಯಾಬ್ ಕೈಗೆ ಕೊಟ್ಟರೆ ಮಾತ್ರ ಯಾವ ನೋವೂ ಇರುವುದಿಲ್ಲ. ನಾವು ಎಲ್ಲಿ ತಪ್ಪುತ್ತಿದ್ದೇವೆ?
– ತಾಯಿಯೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗ ಓಡುತ್ತಿರುವುದು ಪುಸ್ತಕವನ್ನು ಕಂಡು ಅಲ್ಲ, ‘ಓದು’ ಎಂಬ ಮಾತನ್ನು ಕೇಳಿ ಎಂದು ನನಗೆ ತೋರುತ್ತದೆ. ನಮ್ಮ ನುಡಿಯಲ್ಲಿ ಪಾಠ ಉರುಹೊಡೆಯುವುದಕ್ಕೂ ಓದು ಎನ್ನುತ್ತೇವೆ, ಕಥೆಯಲ್ಲಿ ಮೈಮರೆಯುವುದಕ್ಕೂ ಓದು ಎನ್ನುತ್ತೇವೆ. ‘ನಿಮ್ಮ ದೊಡ್ಡ ಮಗ ಏನು ಓದುತ್ತಿದ್ದಾನೆ’ ಎಂದು ಯಾರಾದರೂ ಕೇಳಿದರೆ ‘ಬಿ.ಕಾಂ.’ ಎಂದು ಹೇಳುತ್ತೇವೆಯೇ ಹೊರತು ಕಾದಂಬರಿಯೊಂದರ ಹೆಸರನ್ನು ಹೇಳುವುದಿಲ್ಲ. ‘ಓದದಿದ್ದರೆ ದನ ಕಾಯಬೇಕಾಗುತ್ತದೆ’ ಎಂಬ ಬೆದರಿಕೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ದಿನವಿಡೀ ಶಾಲೆಯಲ್ಲಿ ಓದಿ, ಸಂಜೆ ಹೋಂವರ್ಕಿನಲ್ಲಿ ಓದಿ ದಣಿದ ಮಗುವಿಗೆ ಮತ್ತೆ ‘ಓದು’ ಎಂದರೆ, ಹೊತ್ತು ಇಳಿಸಿದ ಮೂಟೆಯನ್ನು ಇನ್ನೊಮ್ಮೆ ಹೊರು ಎಂದಂತೆಯೇ ಅದಕ್ಕೆ ಕೇಳಿಸುತ್ತದೆ.

ಆದುದರಿಂದ ಕೆಲವು ಕಾಲ ಆ ಮಾತನ್ನೇ ಬಿಟ್ಟುಬಿಡಿ. ‘ಕಥೆ ಹೇಳುತ್ತೇನೆ ಬಾ’ ಎನ್ನಿ, ಪುಸ್ತಕವನ್ನು ನೀವೇ ಹಿಡಿದು ನೀವೇ ಓದಿ. ಹೋಂವರ್ಕಿನ ಬೆನ್ನಿಗೇ ಬೇಡ. ರಾತ್ರಿಯ ಊಟವಾಗಿ, ಹಾಸಿಗೆ ಹಾಸಿದ ಮೇಲಿನ ಹತ್ತು ನಿಮಿಷ ಸಾಕು. ಮಗು ನಿಮ್ಮ ತೋಳಿಗೆ ಒರಗಿ ಕುಳಿತಿದ್ದು, ಚಿತ್ರವೂ ಅಕ್ಷರವೂ ಅದಕ್ಕೆ ಕಾಣುವಂತಿರಬೇಕು. ಸಾಲಿನ ಕೆಳಗೆ ನಿಮ್ಮ ಬೆರಳು ಹಗುರವಾಗಿ ಸರಿಯುತ್ತಿದ್ದರೆ, ಯಾವ ಧ್ವನಿ ಯಾವ ಗುರುತಿನಿಂದ ಹೊರಟಿತೆಂಬುದನ್ನು ಅದು ಯಾರೂ ಹೇಳಿಕೊಡದೆ ಗಮನಿಸತೊಡಗುತ್ತದೆ. ಮತ್ತೆ ಮತ್ತೆ ಬರುವ ಮಾತೊಂದು ಕಥೆಯಲ್ಲಿದ್ದರೆ ಅದಕ್ಕೆ ಮೊದಲು ಒಂದು ಗಳಿಗೆ ತಡೆಯಿರಿ; ಮೂರನೆಯ ಸಲಕ್ಕೆ ಆ ಮಾತನ್ನು ಅವನೇ ಕೂಗಿ ಹೇಳುತ್ತಾನೆ. ‘ಎಲ್ಲಿ, ಈ ಸಾಲನ್ನು ನೀನು ಓದಿ ತೋರಿಸು’ ಎಂದು ಮಾತ್ರ ನಡುವೆ ಕೇಳಬೇಡಿ. ಹಾಗೆ ಕೇಳಿದ ಕ್ಷಣವೇ ಹಾಸಿಗೆ ಹೋಗಿ ಬೆಂಚು ಬಂದುಬಿಡುತ್ತದೆ.

ಕಥೆ ಮುಗಿದ ಮೇಲೆ ‘ಇದರ ನೀತಿ ಏನು’ ಎಂದು ಕೇಳುವ ಅಭ್ಯಾಸವನ್ನೂ ಬಿಡಬೇಕು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಈ ತಪ್ಪನ್ನು ವರ್ಷಗಟ್ಟಲೆ ಮಾಡಿದ್ದೇನೆ. ಮಕ್ಕಳು ಬುದ್ಧಿವಂತರು, ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂಬ ಉತ್ತರಕ್ಕೆ ಮೇಷ್ಟರು ಯಾವಾಗಲೂ ತಲೆಯಾಡಿಸುತ್ತಾರೆಂದು ಕಂಡುಕೊಂಡಿದ್ದರು. ದ್ರಾಕ್ಷಿ ಎಟುಕದ ಒಂಟಿ ನರಿಯ ಕಥೆಗೂ ಒಬ್ಬ ಹುಡುಗ ಅದನ್ನೇ ಹೇಳಿದಾಗ ನನಗೆ ಜ್ಞಾನೋದಯವಾಯಿತು. ಅವರು ಕಥೆ ಕೇಳುತ್ತಿರಲಿಲ್ಲ, ಪ್ರಶ್ನೆಗಾಗಿ ಕಾಯುತ್ತಿದ್ದರು.

ಗಟ್ಟಿಯಾಗಿ ಓದಿ ಹೇಳುವುದಕ್ಕೆ ಕನ್ನಡದಲ್ಲಿ ಇನ್ನೊಂದು ಕಾರಣವೂ ಇದೆ. ನಿಮ್ಮ ಮಗ ಮನೆಯಲ್ಲಿ ಕೇಳುವುದು ‘ಅವ್ನು ಹೋಗ್ತಾನೆ’, ‘ಬಂದ್ಬಿಟ್ಟ’. ಪುಸ್ತಕದಲ್ಲಿ ಇರುವುದು ‘ಅವನು ಹೋಗುತ್ತಾನೆ’, ‘ಬಂದುಬಿಟ್ಟನು’. ಧಾರವಾಡದ ಕಡೆ, ಕುಂದಾಪುರದ ಕಡೆ ಈ ಅಂತರ ಇನ್ನೂ ಹೆಚ್ಚು. ಅಂದರೆ, ಕನ್ನಡವನ್ನೇ ಆಡುವ ಮಗುವಿಗೂ ಪುಸ್ತಕದ ಕನ್ನಡ ಅಷ್ಟಿಷ್ಟು ಹೊಸದೇ. ಕಿವಿಗೆ ಒಮ್ಮೆಯೂ ಬೀಳದ ‘ಇದ್ದನು’, ‘ಹೊರಟಳು’ ಕಣ್ಣಿಗೆ ಮೊದಲು ಬಿದ್ದರೆ ಅದು ತಡವರಿಸುವುದು ಸಹಜ. ನಿಮ್ಮ ದನಿಯಲ್ಲಿ ನೂರು ಸಲ ಕೇಳಿದ ಮೇಲೆ ಅದೇ ಮಾತು ಅಚ್ಚಿನಲ್ಲಿ ಕಂಡರೆ ಪರಿಚಯದವರು ಎದುರಾದಂತಾಗುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಲಿಪಿ ಕಲಿಯುತ್ತಿರುವ ಮಗುವಿಗೆ ಈ ಪರಿಚಯ ಮನೆಯಲ್ಲಲ್ಲದೆ ಬೇರೆಲ್ಲಿ ಆಗಬೇಕು?

ಇನ್ನು ಆ ಹದಿನೈದು ಪುಸ್ತಕಗಳ ವಿಷಯ. ಹತ್ತನ್ನು ಎತ್ತಿ ಅಟ್ಟದ ಮೇಲಿಡಿ. ಐದನ್ನು ಮಾತ್ರ ಹೊರಗಿಟ್ಟು ವಾರಕ್ಕೆ ಒಂದೆರಡನ್ನು ಬದಲಾಯಿಸಿ. ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದರೆ ಮಗುವಿಗೆ ಕಾಣುವುದು ಪುಸ್ತಕದ ಬೆನ್ನು ಮಾತ್ರ. ಗೋಡೆಗೊಂದು ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದರೆ ಮುಖಪುಟದ ಆನೆ, ಹುಲಿ ಅದನ್ನು ಕರೆಯುತ್ತವೆ. ಹಾಳೆ ಹರಿದರೆ ಬೈಯಬೇಡಿ, ಅವನೊಡನೆಯೇ ಕುಳಿತು ಅಂಟಿಸಿ. ಟ್ಯಾಬನ್ನು ‘ಎರಡು ಪುಟ ಓದಿದರೆ ಕೊಡುತ್ತೇನೆ’ ಎಂದು ಬಹುಮಾನವಾಗಿಸಿದರೆ, ಸಿಹಿಯೆಂದರೆ ಟ್ಯಾಬ್, ಕಷಾಯವೆಂದರೆ ಪುಸ್ತಕ ಎಂದು ನೀವೇ ಹೇಳಿಕೊಟ್ಟಂತೆ.

ಓದುವಾಗ ಪುಟ ತಿರುಗಿಸುವ ಆತುರ ದೊಡ್ಡವರದೇ ಹೊರತು ಮಗುವಿನದಲ್ಲ. ಮೊನ್ನೆ ಮೊಮ್ಮಗಳಿಗೆ ಹಲಸಿನ ಮರದ ಕಥೆಯೊಂದನ್ನು ಓದುತ್ತಿದ್ದೆ. ನಾನು ಎರಡು ಸಾಲು ಮುಗಿಸಿ ಪುಟ ತಿರುಗಿಸಲು ಹೋದರೆ ಅವಳು ಅಂಗೈಯನ್ನು ಪುಟದ ಮೇಲಿಟ್ಟು ತಡೆದಳು. ಮರದ ಬುಡದಲ್ಲಿ, ಮೂಲೆಯಲ್ಲಿ, ಚಿತ್ರಕಾರರು ಒಂದು ಇರುವೆಯನ್ನು ಬರೆದಿದ್ದರು. ಕಥೆಯಲ್ಲಿ ಅದರ ಸುದ್ದಿಯೇ ಇಲ್ಲ. ‘ಇದು ಯಾರ ಮನೆಗೆ ಹೋಗುತ್ತಿದೆ?’ ಎಂದು ಕೇಳಿದಳು. ಆ ರಾತ್ರಿ ನಾವು ಮುಂದಿನ ಪುಟಕ್ಕೆ ಹೋಗಲೇ ಇಲ್ಲ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಕಥೆಯೆಂದರೆ ಇಷ್ಟ, ತಾನೇ ಓದಬೇಕೆಂಬ ಆಸೆಯೂ ಇದೆ. ಆದರೆ ಒತ್ತಕ್ಷರ ಬಂದೊಡನೆ ನಿಲ್ಲುತ್ತಾಳೆ, ಇಲ್ಲವೇ ಊಹಿಸಿ ಏನೋ ಹೇಳುತ್ತಾಳೆ. ‘ರಾತ್ರಿ’ಯನ್ನು ‘ರಾತಿ’ ಎನ್ನುತ್ತಾಳೆ. ದಿನವೂ ಕಾಗುಣಿತ ತಿದ್ದಿಸಿದರೆ ಸರಿಹೋಗುತ್ತದೆಯೇ?
– ತಂದೆಯೊಬ್ಬರು, ಹುಬ್ಬಳ್ಳಿ

ಉತ್ತರ: ವರ್ಣಮಾಲೆಯಲ್ಲಿರುವುದು 49 ಅಕ್ಷರಗಳಾದರೂ, ಕಾಗುಣಿತ ಮತ್ತು ಒತ್ತುಗಳು ಸೇರಿ ಮಗುವಿನ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ‘ರಾತ್ರಿ’ ಎಂದು ಬರೆದು ನೀವೇ ನೋಡಿ. ‘ಇ’ಕಾರದ ಗುರುತು ಕುಳಿತಿರುವುದು ಮೇಲಿನ ‘ತ’ದ ನೆತ್ತಿಯ ಮೇಲೆ; ಅದರ ಧ್ವನಿ ಹೊರಡಬೇಕಾದುದು ಕೆಳಗಿನ ‘ರ’ ಒತ್ತಿನ ನಂತರ. ಕಣ್ಣು ‘ತಿ’ಯನ್ನು ಮೊದಲು ಕಾಣುತ್ತದೆ, ನಾಲಿಗೆ ಅದನ್ನೇ ಹೇಳುತ್ತದೆ. ನಿಮ್ಮ ಮಗಳು ಅಜಾಗರೂಕಳಲ್ಲ, ಕಂಡದ್ದನ್ನು ಕಂಡ ಕ್ರಮದಲ್ಲೇ ಓದುತ್ತಿದ್ದಾಳೆ. ಅರ್ಕಾವತ್ತಿನದು ಇದಕ್ಕಿಂತ ತಮಾಷೆ. ‘ಕರ್ನಾಟಕ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸಿ ‘ನಾ’ ಹೇಳಬೇಕು, ಆದರೆ ಅದರ ಗುರುತು ಬರುವುದು ‘ನಾ’ ಆದ ಮೇಲೆ. ಇದರ ಜೊತೆಗೆ ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲ ಅಕ್ಷರದ ಮುಖವನ್ನೇ ಹೋಲುವುದಿಲ್ಲ. ಇಷ್ಟೆಲ್ಲವನ್ನೂ ಎರಡನೆಯ ತರಗತಿಯ ಮಗು ತೊಡರದೆ ದಾಟಬೇಕೆಂದು ಬಯಸುವುದು ನ್ಯಾಯವಲ್ಲ.

ಕಾಗುಣಿತ ತಿದ್ದಿಸುವುದು ಬೇಕಾದರೆ ಬೇರೆ ಹೊತ್ತಿನಲ್ಲಿರಲಿ, ಕಥೆಯ ಹೊತ್ತಿನಲ್ಲಿ ಬೇಡ. ಅವಳು ನಿಂತಲ್ಲಿ ಮನಸ್ಸಿನಲ್ಲೇ ಮೂರು ಎಣಿಸಿ. ಅಷ್ಟರಲ್ಲಿ ಬಾರದಿದ್ದರೆ ಪದವನ್ನು ನೀವೇ ಸಹಜವಾಗಿ ಹೇಳಿ ಮುಂದೆ ಸಾಗಿ. ಬಿಡಿಸಿ ಹೇಳು, ಕೂಡಿಸಿ ಹೇಳು ಎಂದು ಅಲ್ಲೇ ಪಾಠ ತೆಗೆದರೆ ಕಥೆಯ ನೂಲು ಹರಿಯುತ್ತದೆ. ಒಂದು ಪುಟ ನೀವು, ಒಂದು ಸಾಲು ಅವಳು ಎಂದು ಹಂಚಿಕೊಳ್ಳಬಹುದು. ಕಥೆಯಲ್ಲಿ ಮೊಲದ ಮಾತೆಲ್ಲ ಅವಳದು, ಸಿಂಹದ ಮಾತೆಲ್ಲ ನಿಮ್ಮದು ಎಂದು ಮಾಡಿಕೊಂಡರೆ ಇನ್ನೂ ಸೊಗಸು.

ಒತ್ತಕ್ಷರಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ: ಕನ್ನಡದ ಮನೆಯೆಂದರೆ ಒತ್ತಕ್ಷರಗಳ ಸಂತೆಯೇ. ಇವೆಲ್ಲ ಒಂದೇ ವ್ಯಂಜನಕ್ಕೆ ಅದೇ ವ್ಯಂಜನದ ಒತ್ತು ಸೇರಿದ ಸಜಾತೀಯಗಳು, ಮೊದಲು ಇವು ಕೈಗೂಡಲಿ. ಚೀಟಿಗಳಲ್ಲಿ ಬರೆದು ಊಟದ ತಟ್ಟೆಗಳ ಮುಂದೆ ಇಡುವ ಕೆಲಸವನ್ನು ಅವಳಿಗೆ ಒಪ್ಪಿಸಿ, ಯಾರ ಚೀಟಿ ಎಲ್ಲಿಯೋ ಅವರು ಅಲ್ಲೇ ಕುಳಿತುಕೊಳ್ಳಬೇಕು. ನಿಮ್ಮ ಊರಿನ ಹೆಸರಿನಲ್ಲೇ ಎರಡು ಸಜಾತೀಯ ಒತ್ತುಗಳಿವೆ. ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಾಯಬೇಕಾಗಿ ಬಂದರೆ ಅದನ್ನು ಹಾಳು ಮಾಡಬೇಡಿ. ಹುಬ್ಬಳ್ಳಿ, ಬಳ್ಳಾರಿ, ಶಿವಮೊಗ್ಗ, ಚಿಕ್ಕಮಗಳೂರು ಎಂಬ ಫಲಕಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಬಸ್ಸು ನಿಲ್ಲುವಷ್ಟರಲ್ಲಿ ಯಾರು ಮೊದಲು ಓದುತ್ತಾರೆಂಬ ಪಂದ್ಯದಲ್ಲಿ ನೀವು ಒಂದೆರಡು ಸಲ ಸೋಲಬೇಕೆಂಬುದನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಮೂರೂವರೆ ವರ್ಷದ ಮಗ ಒಂದೇ ಪುಸ್ತಕವನ್ನು ಎರಡು ತಿಂಗಳಿನಿಂದ ಪ್ರತಿ ರಾತ್ರಿ ಓದಿಸುತ್ತಿದ್ದಾನೆ. ಬೇರೆಯದನ್ನು ತೆಗೆದರೆ ಅಳು. ಇದನ್ನು ತಪ್ಪಿಸುವುದು ಹೇಗೆ?
– ಗೃಹಿಣಿಯೊಬ್ಬರು, ಮೈಸೂರು

ಉತ್ತರ: ತಪ್ಪಿಸಬೇಡಿ. ಒಂದು ಸಾಲನ್ನು ಬೇಕೆಂದೇ ಬಿಟ್ಟು ಓದಿ ನೋಡಿ, ಅವನು ನಿಮ್ಮನ್ನು ಹಿಡಿದು ನಿಲ್ಲಿಸುತ್ತಾನೆ. ಇಡೀ ಕಥೆ ಬಾಯಿಪಾಠವಾಗಿರುವ ಆ ಪುಸ್ತಕದ ಮೇಲೆಯೇ ಮುಂದೆ ಅವನು ಅಕ್ಷರಗಳನ್ನು ಗುರುತಿಸುವುದು. ಬೇಸರ ನಿಮ್ಮದು ಎಂಬುದು ನನಗೂ ಗೊತ್ತು. ಸಿಂಹದ ದನಿಯನ್ನು ದಿನಕ್ಕೊಂದು ಬಗೆಯಾಗಿ ಮಾಡಿ ಕಾಲ ತಳ್ಳಿ.

ಪ್ರಶ್ನೆ: ನಾವಿಬ್ಬರೂ ಕೂಲಿಗೆ ಹೋಗುತ್ತೇವೆ. ಮಕ್ಕಳು ಹಳ್ಳಿಯಲ್ಲಿ ನನ್ನ ತಾಯಿಯ ಬಳಿ ಇರುತ್ತಾರೆ. ಅವರಿಗೆ ಅಕ್ಷರ ಬಾರದು. ಪುಸ್ತಕ ಕೊಳ್ಳುವ ಶಕ್ತಿಯೂ ನಮಗಿಲ್ಲ. ಇಂಥ ಮನೆಯಲ್ಲಿ ಓದಿನ ರುಚಿ ಹತ್ತಿಸಲು ಸಾಧ್ಯವೇ?
– ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಖಂಡಿತ ಸಾಧ್ಯ. ಮೊದಲು ಪುಸ್ತಕದ ಮಾತು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಡಲಾಯಿತು. ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಹೆಸರಿನಲ್ಲಿಯೇ ಸದಸ್ಯತ್ವ ಮಾಡಿಸಿ, ಚಿತ್ರಪುಸ್ತಕಗಳ ಕಪಾಟನ್ನು ತೆರೆದು ತೋರಿಸುವಂತೆ ಕೇಳಿ. (ಪಟ್ಟಣದಲ್ಲಿರುವ ಓದುಗರಿಗೆ ಒಂದು ಮಾತು: ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಹಣ ಕೊಟ್ಟಾಗಿದೆ, ಗ್ರಂಥಾಲಯದ ಮೆಟ್ಟಿಲು ಹತ್ತಲು ಸಂಕೋಚವೇಕೆ?) ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು, ಓದಲು ಈಗಷ್ಟೇ ಕಲಿಯುತ್ತಿರುವವರಿಂದ ಮೊದಲ್ಗೊಂಡು ನಾಲ್ಕು ಹಂತಗಳಲ್ಲಿ, ಉಚಿತವಾಗಿ ಸಿಗುತ್ತವೆ. ಅವುಗಳನ್ನು ಮುದ್ರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇನ್ನು ನಿಮ್ಮ ತಾಯಿ. ಅಕ್ಷರ ಬಾರದವರನ್ನು ಈ ಕೆಲಸದಿಂದ ಹೊರಗಿಡುವುದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳು ಚಿತ್ರಪುಸ್ತಕವನ್ನು ತಂದು ಅಜ್ಜಿಯ ತೊಡೆಯ ಮೇಲಿಡಲಿ. ಅಜ್ಜಿ ಚಿತ್ರ ನೋಡಿ ತನಗೆ ತೋಚಿದ ಕಥೆ ಹೇಳಲಿ. ಅದು ಅಚ್ಚಾದ ಕಥೆಗೆ ಹೊಂದದಿದ್ದರೆ ಮೊಮ್ಮಕ್ಕಳು ‘ಹಂಗಲ್ಲಬೇ, ಇಲ್ಲಿ ಹಿಂಗ್ ಬರದಾರ’ ಎಂದು ಓದಿ ತೋರಿಸುತ್ತಾರೆ. ಓದಿ ತೋರಿಸಲು ಇದಕ್ಕಿಂತ ಒಳ್ಳೆಯ ಕಾರಣ ಮಗುವಿಗೆ ಬೇರೆ ಸಿಗದು. ಕಾಗಕ್ಕ ಗುಬ್ಬಕ್ಕನಂಥ ಅಜ್ಜಿಯದೇ ಕಥೆಗಳನ್ನು ಮಕ್ಕಳು ಬರೆದುಕೊಳ್ಳಲೂಬಹುದು, ಅಜ್ಜಿ ಆಡುವ ಮಾತಿನಲ್ಲಿಯೇ, ಒಂದು ಪುಟಕ್ಕೆ ಎರಡೇ ಸಾಲಿನಂತೆ, ಉಳಿದ ಜಾಗ ಚಿತ್ರಕ್ಕೆ. ನಾಲ್ಕು ಹಾಳೆಗಳನ್ನು ಮಡಿಸಿ ನಡುವೆ ಸೂಜಿದಾರದಿಂದ ಹೊಲಿದರೆ ಹದಿನಾರು ಪುಟದ ಪುಸ್ತಕವಾಗುತ್ತದೆ; ಹೊಲಿಯುವುದು ಅಜ್ಜಿಗೆ ಬರುತ್ತದೆ. ರಟ್ಟಿಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಸಾಕು. ಲೇಖಕರ ಹೆಸರಿನ ಜಾಗದಲ್ಲಿ ಅಜ್ಜಿಯ ಹೆಸರನ್ನು ಮಕ್ಕಳ ಕೈಯಿಂದಲೇ ಬರೆಸಿ, ಅದು ಎಲ್ಲಿದೆಯೆಂದು ಅಜ್ಜಿಗೆ ಬೆರಳಿಟ್ಟು ತೋರಿಸಲು ಹೇಳಿ.