ವಯಸ್ಸಾದ ಅಪ್ಪ ಅಮ್ಮನನ್ನು ಪಾಯಿಂಟ್ ಲೋಬೊಸ್‌ಗೆ ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ ಹೋಗಿ. ಆದರೆ ಪೂರ್ತಿ ಸುತ್ತಿಸಬೇಡಿ. ಪಾಯಿಂಟ್ ಲೋಬೊಸ್ ಅಂದರೆ ಕ್ಯಾಲಿಫೋರ್ನಿಯಾದ ಕಡಲ ಅಂಚಿನಲ್ಲಿರುವ, ಪ್ರಾಣಿ ಮರಗಳಿಗೆ ರಕ್ಷಣೆ ಕೊಟ್ಟಿರುವ ಸರ್ಕಾರಿ ಪಾರ್ಕು.

ನೀವಿರುವುದು ಸ್ಯಾನ್ ಹೋಸೆ, ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ, ಮೇ ತಿಂಗಳಲ್ಲಿ ಒಂದು ದಿನ ಬಿಡುವಿದೆ, ಅಮ್ಮನಿಗೆ ಮಂಡಿ ನೋವು, ಪ್ರಾಣಿಗಳು ನಿಜವಾಗಿ ಕಾಣುತ್ತವಾ ಇಲ್ಲಾ ಬರೀ ಫೋಟೋದಲ್ಲಾ ಅಂತ ಕೇಳಿದ್ದೀರಿ. ಕಾಣುತ್ತವೆ. ನಮ್ಮ ಮನೆಗೆ ಊರಿನಿಂದ ಯಾರೇ ಬಂದರೂ ಗೋಲ್ಡನ್ ಗೇಟ್ ಆದ ಮೇಲೆ ನಾವು ಕರೆದುಕೊಂಡು ಹೋಗುವುದು ಇಲ್ಲಿಗೇ.

ಮೊದಲು ಪಾರ್ಕಿಂಗ್ ವಿಷಯ, ಯಾಕಂದ್ರೆ ದಿನ ಕೆಡುವುದು ಅಲ್ಲೇ. ಕಾರ್ಮೆಲ್ ಊರು ದಾಟಿ ಹೈವೇ 1ರಲ್ಲಿ ಮೂರು ಮೈಲಿ ಹೋದರೆ ಬಲಗಡೆ ಗೇಟು. ಬೆಳಿಗ್ಗೆ 8ಕ್ಕೆ ತೆಗೆಯುತ್ತಾರೆ, ನಾನು ಹೋದಾಗೆಲ್ಲ ಕಾರಿಗೆ 10 ಡಾಲರ್ ಇತ್ತು. ಒಳಗೆ ಸುಮಾರು 150 ಕಾರಿಗಷ್ಟೇ ಜಾಗ. ಮೊದಲ ಸಲ ನಾವು ಶನಿವಾರ ತಿಂಡಿ ತಿಂದು, ಕಾಫಿ ಕುಡಿದು, ಆರಾಮಾಗಿ 11 ಗಂಟೆಗೆ ಹೋಗಿ ನಿಂತರೆ ಗೇಟಿನಲ್ಲಿ ‘ಭರ್ತಿ’ ಅಂತ ಬೋರ್ಡು. ಹೆದ್ದಾರಿ ಪಕ್ಕ ಎಲ್ಲೋ ಕಾರು ಬಿಟ್ಟು ಒಳಗೆ ನಡೆದೆವು, ಕಡಲು ಕಾಣುವ ಹೊತ್ತಿಗೆ ಅತ್ತೆಯವರ ಕಾಲು ಸೋತಿತ್ತು. ಅವತ್ತು ಅವರು ನೋಡಿದ್ದು ಒಂದು ಬೆಂಚು. ಹಾಗಾಗಿ ವಾರದ ದಿನ ಹೋಗಿ, ಮನೆ ಆರೂಕಾಲಕ್ಕೆ ಬಿಡಿ.

ಒಳಗೆ ಹೋದವರು ಸುಮ್ನೆ ಮೊದಲ ಪಾರ್ಕಿಂಗ್‌ನಲ್ಲೇ ನಿಲ್ಲಿಸಿಬಿಡುತ್ತಾರೆ. ನೀವು ನಿಲ್ಲಿಸಬೇಡಿ, ರಸ್ತೆ ಮುಗಿಯುವವರೆಗೆ ದಕ್ಷಿಣಕ್ಕೆ ಹೋಗಿ. ಅಲ್ಲಿಂದ ಬರ್ಡ್ ಐಲ್ಯಾಂಡ್ ದಾರಿ ಶುರು. ಎಲ್ಲಾ ಸೇರಿ ಒಂದು ಮೈಲಿಯೂ ಇಲ್ಲ. ಶುರುವಿನಲ್ಲಿ ಮೆಟ್ಟಿಲು ಸಿಗುತ್ತವೆ, ಅಮ್ಮನ ಕೈ ಹಿಡಿದು ನಿಧಾನಕ್ಕೆ ಹತ್ತಿಸಿ, ಆಮೇಲೆ ಹೆಚ್ಚುಕಡಿಮೆ ಮಟ್ಟಸವಾದ ದಾರಿ. ಸ್ವಲ್ಪ ದೂರದಲ್ಲೇ ಕೆಳಗೆ ಚೈನಾ ಕೋವ್ ಅನ್ನೋ ಪುಟ್ಟ ಕೊಲ್ಲಿ, ನೀರು ಪಚ್ಚೆ ಬಣ್ಣ. ಏಪ್ರಿಲ್, ಮೇ ತಿಂಗಳು ಸೀಲ್‌ಗಳು ಮರಿ ಹಾಕುವ ಕಾಲ. ಆಗ ಕೆಳಗಿಳಿಯಲು ಬಿಡುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಮೇಲಿಂದಲೇ ಮರಳಿನ ಮೇಲೆ ತಾಯಿ ಮರಿ ಪಕ್ಕ ಪಕ್ಕ ಮಲಗಿರುವುದು ಕಾಣುತ್ತದೆ. ಮುಂದೆ ಹೋದರೆ ಬಂಡೆ ತುಂಬ ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ವಾಸನೆಗೆ ಸಿದ್ಧರಾಗಿರಿ.

ಅಲ್ಲೇ ನಿಂತು ಕೆಳಗಿನ ಕೆಲ್ಪ್ ಮೇಲೆ ಕಣ್ಣಿಡಿ. ಕೆಲ್ಪ್ ಅಂದರೆ ಹಗ್ಗದ ಹಾಗೆ ಉದ್ದ ಬೆಳೆಯುವ ಕಡಲ ಪಾಚಿ, ನೀರಿನ ಮೇಲೆ ಕಂದು ಚಾಪೆ ಹಾಸಿದ ಹಾಗಿರುತ್ತದೆ. ಅದರ ಮಧ್ಯೆ ಮರದ ತುಂಡಿನಂಥದ್ದೇನಾದರೂ ತೇಲುತ್ತಿದ್ದರೆ ಅದು ಕಡಲ ನೀರುನಾಯಿ ಇರಬಹುದು. ನಮ್ಮಪ್ಪನಿಗೆ ಅದು ಕಾಣುವ ಮೊದಲು ಕೇಳಿಸಿತು. ಟಕ್ ಟಕ್ ಟಕ್. ‘ಯಾರೋ ಅಡಿಕೆ ಒಡೀತಿದ್ದಾರಲ್ಲೋ’ ಅಂದರು. ನೋಡಿದರೆ ಅಂಗಾತ ಮಲಗಿ, ಎದೆ ಮೇಲೆ ಕಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಚಿಪ್ಪು ಹಿಡಿದು ಕುಟ್ಟುತ್ತಿದೆ. ಒಡೆದು ತಿಂದು, ಒಂದು ಸುತ್ತು ಉರುಳಿ ಮೈ ತೊಳೆದುಕೊಂಡು ಮತ್ತೆ ಮುಳುಗಿತು. ಅಪ್ಪ ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ತುಪ್ಪಳದ ಆಸೆಗೆ ಇವುಗಳನ್ನು ಬೇಟೆಯಾಡಿ, ಕ್ಯಾಲಿಫೋರ್ನಿಯಾದಲ್ಲಿ ಒಂದೂ ಉಳಿದಿಲ್ಲ ಅಂತಲೇ ಜನ ಅಂದುಕೊಂಡಿದ್ದರಂತೆ. 1938ರಲ್ಲಿ ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಬಿಕ್ಸ್‌ಬಿ ಕ್ರೀಕ್ ಹತ್ತಿರ ಒಂದು ಸಣ್ಣ ಗುಂಪು ಕಣ್ಣಿಗೆ ಬಿತ್ತು. ಈಗಿರುವುದು ಅವುಗಳ ಸಂತಾನವೇ.

ಇಷ್ಟಕ್ಕೇ ಅಮ್ಮ ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ, ಬೇಜಾರಿಲ್ಲ. ಇನ್ನೂ ಶಕ್ತಿ ಇದ್ದರೆ ಕಾರಿನಲ್ಲಿ ವಾಪಸ್ ಬಂದು ಸೈಪ್ರೆಸ್ ಗ್ರೋವ್ ದಾರಿ ಹಿಡಿಯಿರಿ. ಅದೂ ಒಂದು ಮೈಲಿಯೊಳಗೇ, ಆದರೆ ಅಲ್ಲಲ್ಲಿ ಕಲ್ಲು, ಬೇರು, ಏರಿಳಿತ ಇದೆ. ಮಾಂಟೆರೆ ಸೈಪ್ರೆಸ್ ಮರ ತಾನಾಗಿ ಬೆಳೆದಿರುವುದು ಪ್ರಪಂಚದಲ್ಲಿ ಎರಡೇ ಕಡೆ, ಒಂದು ಇಲ್ಲಿ, ಇನ್ನೊಂದು ಕೊಲ್ಲಿಯ ಆಚೆ ಸೈಪ್ರೆಸ್ ಪಾಯಿಂಟ್‌ನಲ್ಲಿ. ಗಾಳಿಗೆ ಬಾಗಿ ತಿರುಚಿಕೊಂಡಿರುವ ಕೊಂಬೆಗಳ ಮೇಲೆ ಕೇಸರಿ ಬಣ್ಣದ ಮಖಮಲ್ ಬಟ್ಟೆ ಹೊದಿಸಿದ ಹಾಗಿರುತ್ತದೆ. ನಮ್ಮಮ್ಮ ಅದನ್ನು ನೋಡಿ ‘ಇಲ್ಲೂ ಮರಕ್ಕೆ ಕುಂಕುಮ ಹಚ್ತಾರಾ?’ ಅಂದರು. ಪಾಚಿ ಅದು. ಜಾತಿ ಹಸಿರು ಪಾಚಿಯದ್ದೇ, ಆದರೆ ಕ್ಯಾರೆಟ್‌ನಲ್ಲಿರುವ ಕ್ಯಾರೋಟಿನ್ ಇದರಲ್ಲೂ ಇರುವುದರಿಂದ ಆ ಬಣ್ಣ.

ಸೀ ಲಯನ್ ಪಾಯಿಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅಲ್ಲಿರುವ ಸೀಲ್‌ನಂಥ ಕಡಲ ಸಿಂಹಗಳು ಬೊಗಳುವುದು ಪಾರ್ಕಿಂಗ್‌ಗೇ ಕೇಳಿಸುತ್ತದೆ. ‘ಲೋಬೊಸ್’ ಅಂದರೆ ಸ್ಪ್ಯಾನಿಷ್‌ನಲ್ಲಿ ತೋಳಗಳು, ಇವುಗಳಿಗೆ ಅವರಿಟ್ಟ ಹೆಸರು ಕಡಲ ತೋಳ. ಜಾಗಕ್ಕೆ ಹೆಸರು ಬಂದಿದ್ದೂ ಹಾಗೆ. ಅಪ್ಪನಿಗೆ ಇತಿಹಾಸದ ಹುಚ್ಚಿದ್ದರೆ ವೇಲರ್ಸ್ ಕೋವ್‌ನಲ್ಲಿ 1850ರ ದಶಕದಲ್ಲಿ ಚೀನೀ ಮೀನುಗಾರರು ಕಟ್ಟಿದ ಗುಡಿಸಲು ತೋರಿಸಿ. ಹೊರಗಡೆ ತಿಮಿಂಗಿಲದ ಮೂಳೆ ಇಟ್ಟಿದ್ದಾರೆ.

ಇನ್ನೊಂದು ಮುಖ್ಯ ವಿಷಯ, ದಾರಿಯ ಎರಡೂ ಕಡೆ ತಂತಿ ಕಟ್ಟಿರುವುದು ಸುಮ್ನೆ ಅಲ್ಲ. ಮೂರು ಮೂರು ಎಲೆಯ ಪಾಯ್ಸನ್ ಓಕ್ ಪೊದೆ ಎಲ್ಲಾ ಕಡೆ ಇದೆ. ನಮ್ಮ ಗೇರುಮರದ ಕುಟುಂಬದ್ದೇ ಗಿಡ. ಗೇರುಬೀಜದ ಸೊನೆ ತಾಗಿ ಕೈ ಸುಟ್ಟುಕೊಂಡವರಿಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ನಮ್ಮ ಮನೆಯವರು ಒಂದು ಫೋಟೋಗೋಸ್ಕರ ಎರಡೇ ಹೆಜ್ಜೆ ಆಚೆ ಇಟ್ಟು ಎರಡು ವಾರ ಕೆರೆದುಕೊಂಡರು. ಅಮ್ಮನ ಸೀರೆ ಸೆರಗು, ಅಂಚು ಪೊದೆಗೆ ತಾಗದ ಹಾಗೆ ನೋಡಿಕೊಳ್ಳಿ, ಆಗೋದಾದರೆ ಅವತ್ತು ಚೂಡಿದಾರವೇ ವಾಸಿ. ಕಾಲಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.

ಊಟ ಮನೆಯಿಂದಲೇ ಕಟ್ಟಿಕೊಳ್ಳಿ, ಒಳಗೆ ಹೋಟೆಲ್ ಇಲ್ಲ. ಚಿತ್ರಾನ್ನ, ಮೊಸರನ್ನ ಸಾಕು. ಪಿಕ್ನಿಕ್‌ಗೆ ಅಂತಲೇ ಮೇಜು ಹಾಕಿರುವ ಜಾಗದಲ್ಲಿ ಮಾತ್ರ ತಿನ್ನಬೇಕು. ನಮ್ಮಮ್ಮ ಕಾಗೆಗೆ ಇಡುವ ಅಭ್ಯಾಸದಲ್ಲಿ ಅಳಿಲಿಗೆ ಒಂದು ತುತ್ತು ಹಾಕಲು ಕೈ ಚಾಚಿದ್ದರು, ತಡೆಯುವಷ್ಟರಲ್ಲಿ ಸಾಕಾಯಿತು. ಅಲ್ಲಿ ಯಾವ ಪ್ರಾಣಿಗೂ ತಿನ್ನಲು ಕೊಡುವ ಹಾಗಿಲ್ಲ.

ದುರ್ಬೀನು ಇಲ್ಲದಿದ್ದರೆ ಯಾರ ಹತ್ತಿರವಾದರೂ ಎರವಲು ತನ್ನಿ. ಸ್ವೆಟರ್ ಎಲ್ಲರಿಗೂ ಬೇಕು, ಸ್ಯಾನ್ ಹೋಸೆ ಬಿಸಿಲು ನೋಡಿ ಮೋಸ ಹೋಗಬೇಡಿ. ಬೆಳಿಗ್ಗೆ ಮಂಜು ಕವಿದಿದ್ದರೆ ಗೇಟಿನಿಂದ ವಾಪಸ್ ತಿರುಗಿಸಬೇಡಿ, ಎಷ್ಟೋ ದಿನ ಮಧ್ಯಾಹ್ನದ ಹೊತ್ತಿಗೆ ಸರಿಯುತ್ತದೆ. ಅಂಥ ದಿನ ಮಾತ್ರ ನಾನು ಹೇಳಿದ್ದನ್ನು ತಿರುವುಮುರುವು ಮಾಡಿ, ಮೊದಲು ಸೈಪ್ರೆಸ್ ತೋಪು, ಆಮೇಲೆ ಬರ್ಡ್ ಐಲ್ಯಾಂಡ್.