ಸಣ್ಣ ಎಂಜಿನ್ನು ಅಂತ ಸಸಾರ ಮಾಡ್ಬೇಡಿ

ಬಂಗಾರಪೇಟೆಯಿಂದ ಓದುಗರೊಬ್ಬರು ಸ್ವಲ್ಪ ಖಾರವಾಗೇ ಬರೆದಿದಾರೆ. ಸಣ್ಣ ಕಾರುಗಳ ನ್ಯಾಷನಲ್ ರೇಸಿಂಗ್ ಸೀಸನ್ನಿಗೆ ಎರಡೆರಡು ಪುಟ ಯಾಕೆ ದಂಡ ಮಾಡ್ತೀರ, ಮನೆ ಮುಂದೆ ನಿಂತಿರೋ ಸ್ವಿಫ್ಟನ್ನೇ ಟ್ರ್ಯಾಕಿಗೆ ಬಿಟ್ರೆ ಅದು ರೇಸಾ, ಬರೆಯೋದಾದ್ರೆ ಫಾರ್ಮುಲಾ ಒನ್ ಬಗ್ಗೆ ಬರೀರಿ ಅಂತ. ಜೊತೆಗೆ, ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಲಿ ನಮ್ಮ ಹುಡುಗ್ರು ಹಾರಾಡೋದು ಸಾಲದಾ, ನೀವು ಬೇರೆ ಕುಮ್ಮಕ್ಕು ಕೊಡ್ಬೇಕಾ ಅಂತಾನೂ ಕೇಳಿದಾರೆ.

ಸಾರ್, ದೊಡ್ಡ ಎಂಜಿನ್ನಿನ ಸದ್ದು ಕೇಳಿದ್ರೆ ಮೈ ಜುಮ್ ಅನ್ನುತ್ತೆ, ಅದನ್ನ ಅಲ್ಲಗಳೆಯಲ್ಲ. ಆದ್ರೆ ಆ ಫಾರ್ಮುಲಾ ಒನ್ ನಮ್ಮ ದೇಶದಲ್ಲಿ ಎಷ್ಟು ದಿನ ಇತ್ತು ಹೇಳಿ? ನೊಯ್ಡಾದಲ್ಲಿ 2011, 2012, 2013, ಮೂರು ವರ್ಷ, ಮೂರಕ್ಕೆ ಮೂರೂ ಜರ್ಮನಿಯ ಡ್ರೈವರ್ ವೆಟಲ್ ಗೆದ್ದ, ಆಮೇಲೆ ತೆರಿಗೆ ಜಗಳ ಅದೂ ಇದೂ ಅಂತ ಗಂಟುಮೂಟೆ ಕಟ್ಕೊಂಡು ಹೋದ್ರು. ಚೆನ್ನೈ ಹತ್ರದ ಇರುಂಗಾಟ್ಟುಕೋಟೈ ಟ್ರ್ಯಾಕು 1990ರಲ್ಲಿ ಶುರುವಾಗಿದ್ದು, ಇವತ್ತಿಗೂ ಅಲ್ಲಿ ರೇಸ್ ನಡೀತಿದೆ. ಅದನ್ನ ಉಳಿಸಿರೋದು ಯಾರು, ಸ್ವಂತ ದುಡ್ಡು ಹಾಕ್ಕೊಂಡು ಎಸ್ಟೀಮು, ಪೋಲೋ, ಸಿಟಿ ಕಾರುಗಳನ್ನ ತಂದು ಓಡಿಸೋ ಜನಾನೇ ಅಲ್ವಾ.

ನೀವು ಮುಖ್ಯ ಸ್ಟ್ರೇಟ್, ಅಂದ್ರೆ ಟ್ರ್ಯಾಕಿನ ನೇರ ಭಾಗ ಮಾತ್ರ ನೋಡಿದೀರ ಅನ್ಸುತ್ತೆ. ಅಲ್ಲಿ ನಿಂತ್ರೆ ಖಂಡಿತ ಇದೇನು ನಮ್ಮ ಪಕ್ಕದ್ಮನೆ ಕಾರೇ ಅನ್ಸುತ್ತೆ. ತಿರುವಲ್ಲಿ ನಿಂತ್ಕೊಂಡು ನೋಡಿ. ಬ್ರೇಕ್ ಒತ್ತಿ ಒಳಗೆ ತಿರುಗಿಸ್ತಿದ್ದ ಹಾಗೇ ಭಾರ ಎಲ್ಲ ಮುಂದಿನ ಹೊರಗಡೆ ಚಕ್ರದ ಮೇಲೆ ಬೀಳುತ್ತೆ, ಒಳಗಡೆಯ ಹಿಂದಿನ ಚಕ್ರ ನೆಲ ಬಿಟ್ಟು ಗೇಣುದ್ದ ಮೇಲಕ್ಕೆ ಏಳುತ್ತೆ, ಮೂರೇ ಚಕ್ರದ ಮೇಲೆ ಗಾಡಿ ತಿರುಗುತ್ತೆ, ಅದರ ಬಂಪರಿಗೆ ಮೂಗು ತಾಗಿಸ್ಕೊಂಡು ಇನ್ನೊಂದು, ಅದರ ಹಿಂದೆ ಮತ್ತೊಂದು. ಬ್ರೇಕ್ ಪ್ಯಾಡ್ ಕಾದ ವಾಸನೆ ಬೇಲಿ ತನಕ ಬರುತ್ತೆ. ದೊಡ್ಡ ಎಂಜಿನ್ನಲ್ಲಿ ತಿರುವು ಕೆಡಿಸ್ಕೊಂಡ್ರೂ ಆಕ್ಸಿಲರೇಟರ್ ಒತ್ತಿ ಸರಿ ಮಾಡ್ಕೋಬಹುದು, 1200 ಸಿಸಿಯಲ್ಲಿ ಆ ಮಾತೇ ಇಲ್ಲ, ಒಂದ್ಸಲ ಸ್ಪೀಡ್ ಕಳ್ಕೊಂಡ್ರೆ ಅದನ್ನ ವಾಪಸ್ ತರೋಕೆ ಅರ್ಧ ಸ್ಟ್ರೇಟ್ ಬೇಕು, ಅಷ್ಟರಲ್ಲಿ ಹಿಂದಿನವನು ಎದುರುಗಾಳಿಗೆ ನಿಮ್ಮ ಗಾಡಿಯನ್ನೇ ಮರೆ ಮಾಡ್ಕೊಂಡು ಪಕ್ಕಕ್ಕೆ ಬಂದಿರ್ತಾನೆ. ಅಲ್ಲಿ ಡ್ರೈವರ್ ಏನು ಅಂತ ಗೊತ್ತಾಗುತ್ತೆ ಸಾರ್.

ಇಂಗ್ಲೆಂಡಲ್ಲಿ ಸಲೂನ್ ಕಾರ್, ಅಂದ್ರೆ ಮನೆಮಂದಿ ಓಡಾಡೋ ಥರದ ಕಾರುಗಳ ಚಾಂಪಿಯನ್‌ಶಿಪ್ಪು 1958ರಿಂದ ಇದೆ. ಒಂದು ಕಾಲಕ್ಕೆ ಅಲ್ಲಿ ಐದು ಲೀಟರ್ ಎಂಜಿನ್ನಿನ ಅಮೆರಿಕನ್ ಗಾಡಿಗಳೂ ಮಿನಿ ಅನ್ನೋ ಪುಟ್ಟ ಕಾರುಗಳೂ ಒಂದೇ ರೇಸಲ್ಲಿ ಓಡ್ತಿದ್ವು, ಆದ್ರೆ ಪಾಯಿಂಟ್ಸ್ ಕೊಡ್ತಿದ್ದದ್ದು ಆಯಾ ಎಂಜಿನ್ ಕ್ಲಾಸಿನ ಪ್ರಕಾರ. 1969ರಲ್ಲಿ ಅಲೆಕ್ ಪೂಲ್ 970 ಸಿಸಿ ಮಿನಿ ಇಟ್ಕೊಂಡು ಇಡೀ ದೇಶದ ಚಾಂಪಿಯನ್ ಆದ. ಅದಾದ್ಮೇಲೆ ಬಿಲ್ ಮೆಕ್‌ಗವರ್ನ್ ಅನ್ನೋನು ಒಂದು ಲೀಟರೂ ತುಂಬದ ಸನ್‌ಬೀಮ್ ಇಂಪ್ ಕಾರಲ್ಲಿ 1970, 71, 72 ಸತತ ಮೂರು ವರ್ಷ ಗೆದ್ದ. ನಮ್ಮಲ್ಲೇ ನೋಡಿ, ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ 796 ಸಿಸಿ ಎಂಜಿನ್ ತಗೊಂಡು ಒಂದೇ ಸೀಟಿನ ರೇಸ್ ಕಾರು ಮಾಡಿದ್ರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು, ಅವರ ಹೆಸರಲ್ಲೇ ಅಲ್ಲೀಗ ಟ್ರ್ಯಾಕ್ ಇದೆ. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೂಡ ಆ ಮಾರುತಿ ಎಂಜಿನ್ ಗಾಡಿಯಿಂದ್ಲೇ ಮೇಲೆ ಬಂದದ್ದು. ನಿಮ್ಮ ಫಾರ್ಮುಲಾ ಒನ್ನಿಗೂ ದಾರಿ ಇಲ್ಲಿಂದ್ಲೇ ಹೋಗೋದು.

ಇನ್ನು ಸಣ್ಣ ಎಂಜಿನ್ ಬಂದದ್ದು ಯಾರ ಬಡತನಕ್ಕೂ ಅಲ್ಲ. 2006ರ ಬಜೆಟ್ಟಲ್ಲಿ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಸುಂಕ ಶೇ 24ರಿಂದ 16ಕ್ಕೆ ಇಳಿಸಿದ್ರು, ಕಂಪನಿಗಳೆಲ್ಲ ಅದೇ ಅಳತೆಗೆ ಎಂಜಿನ್ ಮಾಡಿದ್ವು. ಅದರ ಪಾರ್ಟ್ಸ್ ಎಲ್ಲಾ ಊರಲ್ಲೂ ಸಿಗುತ್ತೆ, ಬಿಚ್ಚಿ ಕಟ್ಟೋಕೆ ಬರೋ ಮೆಕ್ಯಾನಿಕ್ಕೂ ಎಲ್ಲಾ ಊರಲ್ಲೂ ಇದಾನೆ. ನಮ್ಮ ಕ್ಲಾಕ್ ಟವರ್ ಹತ್ರದ ಗ್ಯಾರೇಜಿನ ಹುಡುಗ ಒಬ್ಬ ರೇಸ್ ಟೀಮಿನ ಜೊತೆ ಹೋಗ್ತಾನೆ. ಗಾಡಿ ಟ್ರ್ಯಾಕಿಂದ ಒಳಗೆ ಬಂದ ತಕ್ಷಣ ಟೈರಿನ ಮೇಲೆ ಅಂಗೈ ಇಟ್ಟು ಒಳಂಚು, ನಡು, ಹೊರಂಚು ಅಂತ ಬಿಸಿ ನೋಡ್ತಾನೆ, ನಡುವೆ ಜಾಸ್ತಿ ಕಾದಿದ್ರೆ ಗಾಳಿ ಸ್ವಲ್ಪ ಇಳಿಸ್ತಾನೆ. ಹತ್ತನೇ ಕ್ಲಾಸು ಫೇಲು. ಇಂಥ ಹುಡುಗನ ಕೆಲಸದ ಬಗ್ಗೆ ಯಾವ ಪೇಪರಲ್ಲಿ ಒಂದು ಸಾಲು ಬರುತ್ತೆ ಹೇಳಿ? ಕ್ರಿಕೆಟ್ಟಿನವರು ಏನು ತಿಂದ್ರು ಅನ್ನೋದು ಬರುತ್ತೆ. ಆ ಎರಡು ಪುಟ ನಾನು ಯಾವ ಕಾರಣಕ್ಕೂ ಕಡಿಮೆ ಮಾಡಲ್ಲ.

ಕುಮ್ಮಕ್ಕಿನ ಮಾತಿಗೆ ಬರ್ತೀನಿ. ಮಾಲೂರು, ಬಂಗಾರಪೇಟೆ, ಬೇತಮಂಗಲ ಕಡೆ ಎಕ್ಸ್‌ಪ್ರೆಸ್‌ವೇಲಿ ಹುಡುಗ್ರು ಓಡಿಸೋ ರೀತಿ ನೋಡಿದ್ರೆ ನನಗೂ ಹೊಟ್ಟೆ ಉರಿಯುತ್ತೆ. ಅವರಿಗೆ ಗಾಡಿ ಪಲ್ಟಿ ಹೊಡೆದ್ರೆ ಕಾಪಾಡೋ ಉಕ್ಕಿನ ಪಂಜರ, ಅದೇ ರೋಲ್ ಕೇಜ್, ಇಲ್ಲ, ಬೆಂಕಿ ತಡೆಯೋ ಸೂಟ್ ಇಲ್ಲ, ಬಾವುಟ ಹಿಡಿದ ಮಾರ್ಷಲ್ ಇಲ್ಲ, ಎದುರಿಗೆ ರಾಂಗ್ ಸೈಡಲ್ಲಿ ಯಾರು ಬರ್ತಾರೋ ಗೊತ್ತಿಲ್ಲ. ರೇಸಲ್ಲಿ ಇದೆಲ್ಲಾ ಕಡ್ಡಾಯ, ಆಂಬುಲೆನ್ಸ್ ನಿಂತಿಲ್ಲ ಅಂದ್ರೆ ರೇಸ್ ಶುರುವೇ ಮಾಡಲ್ಲ. ಆ ಹುಡುಗರನ್ನ ರಸ್ತೆಯಿಂದ ಆಚೆ ತರೋಕೆ ನಾವು ಕೊಟ್ಟಿರೋ ಜಾಗ ಯಾವುದು? ಚೆನ್ನೈಗೆ ಟ್ರ್ಯಾಕ್ ಇದೆ, ಕೊಯಮತ್ತೂರಿಗಿದೆ, ನೊಯ್ಡಾಗಿದೆ. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲೇ ಡಿಟಿಎಂ ಅನ್ನೋ ಜರ್ಮನಿಯ ದೊಡ್ಡ ಕಾರ್ ರೇಸ್ ಸರಣಿಗೆ ಇಳಿದ, ಅಂಥವರನ್ನ ಹುಟ್ಟಿಸಿದ ರಾಜ್ಯದಲ್ಲಿ ಆ ಮಟ್ಟದ ಒಂದು ಟ್ರ್ಯಾಕಿಲ್ಲ. ನರಸಾಪುರ, ವೇಮಗಲ್ಲಲ್ಲಿ ಕಾರ್ಖಾನೆಗೆ ಎಷ್ಟು ಎಕರೆ ಕೊಟ್ವಿ, ನರಸಾಪುರದಲ್ಲಿ ಹೋಂಡಾ ಬೈಕುಗಳೇ ತಯಾರಾಗ್ತವೆ, ಅದನ್ನ ಜೋಡಿಸೋ ಕೈಗಳಿಗೆ ಓಡಿಸಿ ನೋಡೋಕೆ ಒಂದು ಮೂಲೆ ಕೊಡೋಕಾಗಲ್ವಾ? ಜನಪ್ರತಿನಿಧಿಗಳನ್ನ ಕೇಳಿದ್ರೆ ಶ್ರೀಮಂತರ ಆಟ ಅಂತಾರೆ, ಆ ಮೆಕ್ಯಾನಿಕ್ ಹುಡುಗನ ಮನೆ ನೋಡ್ಕೊಂಡು ಬಂದು ಈ ಮಾತಾಡ್ಲಿ.

ನಿಮ್ಮ ಕಾಗದದ ಕೊನೇಲಿ ಮಗ ಐಟಿಐ ಓದ್ತಿದಾನೆ, ಈ ಪತ್ರಿಕೆ ಅವನೇ ಮೊದ್ಲು ಕಿತ್ಕೊಳ್ಳೋದು ಅಂತ ಬರೆದಿದೀರ. ಮುಂದಿನ ರೌಂಡಿಗೆ ಅವನನ್ನ ಕರ್ಕೊಂಡು ಬನ್ನಿ ಸಾರ್. ಮುಳಬಾಗಿಲು, ಚಿತ್ತೂರು, ರಾಣಿಪೇಟೆ ದಾಟಿ ನೇರ ಶ್ರೀಪೆರಂಬದೂರು, ಟ್ರ್ಯಾಕು ಅಲ್ಲಿಂದ ಸ್ವಲ್ಪ ಮುಂದೆ. ನಮ್ಮ ಗ್ಯಾರೇಜ್ ಹುಡುಗನಿಗೆ ಹೇಳಿರ್ತೀನಿ, ಗಾಡಿ ಬಿಚ್ಚೋವಾಗ ಪಕ್ಕದಲ್ಲಿ ನಿಲ್ಲಿಸ್ಕೊಂಡು ತೋರಿಸ್ತಾನೆ.

— ಸಂ.