13 ವರ್ಷದ ಹುಡುಗನ ದನಿ ಯಾಕೆ ಒಡೆಯುತ್ತದೆ?

ಮಂಡ್ಯದ ತಾಯಿಯೊಬ್ಬರ ಪ್ರಶ್ನೆ: ಮಗನಿಗೆ 13 ವರ್ಷ. ದನಿ ಒಮ್ಮೆ ಗೊಗ್ಗರು, ಒಮ್ಮೆ ಕೀರಲು. ನೆಂಟರು ನಗುತ್ತಾರೆ, ಅವನು ಮಾತೇ ಕಡಿಮೆ ಮಾಡಿದ್ದಾನೆ. ಗಂಟಲಿಗೆ ಏನಾದರೂ ತೊಂದರೆಯೇ?

ತೊಂದರೆಯಲ್ಲ. ಅವನ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತಿದೆ, ಅಷ್ಟೆ. ಈ ವಯಸ್ಸಿನಲ್ಲಿ ವೃಷಣಗಳಿಂದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಜಾಸ್ತಿ ಬರುತ್ತದೆ. ಅದರಿಂದ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ವೀಣೆಯ ದಪ್ಪ ತಂತಿಯ ಹಾಗೆ ನಿಧಾನವಾಗಿ ಕಂಪಿಸುತ್ತವೆ. ಚಿಕ್ಕವನಿದ್ದಾಗ ಸೆಕೆಂಡಿಗೆ ಸುಮಾರು 250 ಸಲ ಇದ್ದ ಕಂಪನ ದೊಡ್ಡವನಾದ ಮೇಲೆ 120ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಗಂಟಲಿನ ಸ್ನಾಯುಗಳಿಗೆ ಹಳೆಯ ಅಳತೆಯೇ ಅಭ್ಯಾಸ. ಹೊಸದು ಹಿಡಿತಕ್ಕೆ ಬರುವ ತನಕ ದನಿ ಜಾರುತ್ತದೆ. ಹೆಣ್ಣುಮಕ್ಕಳ ದನಿಯೂ ಇಳಿಯುತ್ತದೆ. ಸ್ವಲ್ಪವೇ ಆದ್ದರಿಂದ ಯಾರೂ ಗಮನಿಸುವುದಿಲ್ಲ.

ಕೆಲವು ತಿಂಗಳಲ್ಲಿ, ಕೆಲವರಿಗೆ ಒಂದೆರಡು ವರ್ಷದಲ್ಲಿ, ಇದು ನಿಲ್ಲುತ್ತದೆ.

ನನಗೆ ಯೋಚನೆ ಹತ್ತಿದ್ದು ಅವನು ಮಾತು ಕಡಿಮೆ ಮಾಡಿದ್ದರ ಬಗ್ಗೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನುವ ಸಂಕೋಚ ಈ ವಯಸ್ಸಿನಲ್ಲಿ ಜೋರು. ನೆಂಟರು ಸುಮ್ನೆ ತಮಾಷೆಗೆ ಅಂದರೂ ಅವನಿಗೆ ಚುಚ್ಚುತ್ತದೆ ಅಲ್ವಾ? ಅವರ ಬಾಯಿ ನೀವೇ ಮುಚ್ಚಿಸಿ. ಮಗನಿಗೆ ಕಾರಣ ತಿಳಿಸಿ. ಅವನ ಅಪ್ಪನೇ ಕೂತು ಹೇಳಿದರೆ ಇನ್ನೂ ಒಳ್ಳೆಯದು.

ಮೈ ಎಲ್ಲ ಬೆಳೆದ ಮೇಲೂ ದನಿ ಕೀರಲಾಗಿಯೇ ಉಳಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. ಸಾಮಾನ್ಯವಾಗಿ ದನಿಯ ತರಬೇತಿಯಿಂದಲೇ ಸರಿಹೋಗುತ್ತದೆ. 14 ತುಂಬಿದರೂ ದೊಡ್ಡವನಾಗುವ ಯಾವ ಲಕ್ಷಣವೂ ಕಾಣದಿದ್ದರೆ ಮಾತ್ರ ಮಕ್ಕಳ ಡಾಕ್ಟರ ಹತ್ತಿರ ಹೋಗಿ.